ಹೊಳೆದಂಡೆಯ ಸೈಕಲ್ ದಾರಿ ಯಾರಿಗಾಗಿ?

ನಮ್ಮ ನಗರಗಳಿಗೆ ತಡವಾಗಿಯಾದರೂ ನದಿಗಳ ನೆನಪು ಬಂದಿದೆ. ಶಿವಮೊಗ್ಗದಲ್ಲಿ ತುಂಗೆಯ ದಂಡೆ, ಮಂಗಳೂರಿನಲ್ಲಿ ನೇತ್ರಾವತಿಯ ದಂಡೆ, ಹುಬ್ಬಳ್ಳಿಯಲ್ಲಿ ಉಣಕಲ್ ನಾಲೆಯ ಬದಿ, ಬೆಂಗಳೂರಿನಲ್ಲಿ ಕೋರಮಂಗಲ ಕಣಿವೆಯ ರಾಜಕಾಲುವೆ ಇವೆಲ್ಲವೂ ಕಳೆದ ಹತ್ತು ವರ್ಷಗಳಲ್ಲಿ ಕೋಟಿಗಟ್ಟಲೆ ರೂಪಾಯಿಗಳ ‘ಅಭಿವೃದ್ಧಿ’ಗೆ ಪಾತ್ರವಾಗಿವೆ. ಇಂಥ ಯೋಜನೆಗಳ ನಕ್ಷೆಯಲ್ಲಿ ಸಾಮಾನ್ಯವಾಗಿ ಒಂದು ಸೈಕಲ್ ಪಥ ಇದ್ದೇ ಇರುತ್ತದೆ. ಹಸಿರು ಹುಲ್ಲು, ನೀಲಿ ನೀರು, ಅವೆರಡರ ನಡುವೆ ಕೆಂಪು ಬಣ್ಣದ ಹಾದಿ, ಆ ಹಾದಿಯಲ್ಲಿ ಶಿರಸ್ತ್ರಾಣ ಧರಿಸಿ ಸೈಕಲ್ ತುಳಿಯುವ ನಗುಮುಖದ ಯುವಕ-ಯುವತಿಯರು. ಚಿತ್ರ ಆಕರ್ಷಕವಾಗಿಯೇ ಇದೆ. ಆದರೆ ಆ ಸೈಕಲ್ ಸವಾರರು ಎಲ್ಲಿಂದ ಬಂದರು, ಎಲ್ಲಿಗೆ ಹೊರಟಿದ್ದಾರೆ ಎಂಬ ಪ್ರಶ್ನೆಗೆ ನಕ್ಷೆಯಲ್ಲಿ ಉತ್ತರ ಸಿಗುವುದಿಲ್ಲ.

ಈ ಪ್ರಶ್ನೆ ಕೇಳಲೇಬೇಕಾದ ಕಾಲ ಈಗ ಬಂದಿದೆ. ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಅದರ ಹಣದಿಂದ ಕಟ್ಟಿದ್ದನ್ನು ನೋಡಿಕೊಳ್ಳುವ ಹೊಣೆ ಸ್ಥಳೀಯ ಸಂಸ್ಥೆಗಳ ಹೆಗಲಿಗೆ ಬೀಳುತ್ತಿದೆ. ಇನ್ನೊಂದೆಡೆ, ಆ ಮಿಷನ್ನಿನ ಪಟ್ಟಿಯಲ್ಲಿ ಇಲ್ಲದ ನಗರಗಳು ತಮಗೂ ಇಂಥದೊಂದು ದಂಡೆ ಬೇಕೆಂದು ಬಯಸುವುದು ಸಹಜ. ನದಿಯ ಬದಿಯ ಸೈಕಲ್ ದಾರಿ ಸಂಜೆಯ ವಿಹಾರಕ್ಕೆ ಮಾತ್ರ ಮೀಸಲಾದ ಉದ್ಯಾನವಾಗಬೇಕೆ, ಅಥವಾ ದಿನನಿತ್ಯದ ಸಂಚಾರಕ್ಕೆ ಒದಗುವ ರಸ್ತೆಯಾಗಬೇಕೆ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳದಿದ್ದರೆ, ಮುಂದಿನ ಹಣವೂ ಹಿಂದಿನ ಹಣದ ಹಾದಿಯನ್ನೇ ಹಿಡಿಯುತ್ತದೆ. ಎರಡೂ ದಂಡೆಗಳನ್ನು ಸೇತುವೆಗಳ ಮೂಲಕ ಬೆಸೆದು ಒಂದು ಸುತ್ತಾಗಿ ಪೂರ್ಣಗೊಳ್ಳುವ, ಆ ಸುತ್ತಿನಿಂದ ಶಾಲೆ, ಕಾಲೇಜು, ಮಾರುಕಟ್ಟೆ, ಬಸ್ ನಿಲ್ದಾಣಗಳಿಗೆ ಕವಲೊಡೆಯುವ ದಾರಿಗೆ ಮಾತ್ರ ಸಾರ್ವಜನಿಕ ಹಣ ವಿನಿಯೋಗವಾಗಬೇಕು ಎಂಬುದು ಈ ಲೇಖನದ ವಾದ.

ಶಿವಮೊಗ್ಗದ ಪಾಠ

ರಾಜ್ಯದಲ್ಲಿ ಈ ಮಾತಿಗೆ ಅತ್ಯಂತ ಸಮೀಪದ ಉದಾಹರಣೆ ಶಿವಮೊಗ್ಗ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಆ ನಗರವು ತುಂಗೆಯ ಉತ್ತರ ದಂಡೆಯನ್ನು ನೂರು ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ ರೂಪಿಸಿತು. ಮೂರು ಕಿಲೋಮೀಟರಿಗಿಂತ ತುಸು ಕಡಿಮೆ ಉದ್ದದ ಈ ದಂಡೆಯಲ್ಲಿ ನಡಿಗೆಯ ಹಾದಿ, ಸೈಕಲ್ ಪಥ, ಉದ್ಯಾನ, ಆಸನಗಳು ಬಂದವು. ಬೆನ್ನು ತಿರುಗಿಸಿ ಬೆಳೆದಿದ್ದ ನಗರ ತನ್ನ ನದಿಯ ಕಡೆಗೆ ಮುಖ ಮಾಡುವಂತಾದುದು ಸಣ್ಣ ಸಾಧನೆಯೇನಲ್ಲ. ಸಂಜೆಯ ಹೊತ್ತು ಮಕ್ಕಳೊಂದಿಗೆ ಬಂದು ಕೂರಲು ಒಂದು ಮಧ್ಯಮ ಗಾತ್ರದ ನಗರಕ್ಕೆ ಇಂಥ ಸ್ಥಳ ಬೇಕೇ ಬೇಕು.

ಆದರೆ ಸೈಕಲ್ ದಾರಿಯ ದೃಷ್ಟಿಯಿಂದ ನೋಡಿದರೆ, ಒಂದು ದಂಡೆಯ ಮೇಲಷ್ಟೇ ಇರುವ ಹಾದಿ ಅರ್ಧ ದಾರಿ ಮಾತ್ರ. ಹೋದವರು ಹೋದ ದಾರಿಯಲ್ಲೇ ಹಿಂದಿರುಗಬೇಕು. ಶಿವಮೊಗ್ಗದ ಹಳೆಯ ಊರು ತುಂಗೆಯ ಒಂದು ಬದಿಯಲ್ಲಿದೆ. ಕೋಟೆ ಪ್ರದೇಶ, ಶಿವಪ್ಪನಾಯಕ ಅರಮನೆ, ಗಾಂಧಿ ಬಜಾರ್ ಎಲ್ಲವೂ ಈ ಕಡೆಗಿವೆ. ಸಹ್ಯಾದ್ರಿ ಕಾಲೇಜುಗಳಿರುವ ವಿದ್ಯಾನಗರ ಆ ಕಡೆಗಿದೆ. ಪ್ರತಿದಿನ ನದಿ ದಾಟುವ ವಿದ್ಯಾರ್ಥಿಗಳು, ನೌಕರರು, ಸಣ್ಣ ವ್ಯಾಪಾರಿಗಳು ಬಿ.ಎಚ್. ರಸ್ತೆಯ ಸೇತುವೆಗಳ ಮೇಲೆ ಬಸ್ಸು, ಲಾರಿ, ಆಟೊಗಳ ನಡುವೆಯೇ ತೂರಿಕೊಂಡು ಸಾಗಬೇಕು. ದಂಡೆಯ ಮೇಲೆ ಎಷ್ಟೇ ಸುಂದರವಾದ ಸೈಕಲ್ ಪಥವಿದ್ದರೂ, ನಗರದ ಎರಡು ಭಾಗಗಳ ನಡುವಿನ ಅತ್ಯಂತ ಅಪಾಯದ ಆ ಕೆಲವು ನೂರು ಮೀಟರುಗಳಲ್ಲಿ ಸೈಕಲ್ ಸವಾರನಿಗೆ ಜಾಗವಿಲ್ಲದಿದ್ದರೆ ಆ ಪಥ ಅವನ ಬದುಕಿಗೆ ತಾಗುವುದೇ ಇಲ್ಲ.

ಇದಕ್ಕೆ ಪರಿಹಾರ ದುಬಾರಿಯೂ ಅಲ್ಲ, ಅಸಾಧ್ಯವೂ ಅಲ್ಲ. ಒಂದು ತುದಿಯಲ್ಲಿ ಹಳೆಯ ಸೇತುವೆ, ಇನ್ನೊಂದು ತುದಿಯಲ್ಲಿ ಬೈಪಾಸ್ ಸೇತುವೆ ಇವೆ. ಎರಡರ ಮೇಲೂ ತಡೆಗೋಡೆಯಿಂದ ಪ್ರತ್ಯೇಕಿಸಿದ ಒಂದು ಸೈಕಲ್ ಪಟ್ಟಿ, ವಿದ್ಯಾನಗರದ ಬದಿಯಲ್ಲಿ ಸರಳವಾದ ಒಂದು ಹಾದಿ, ದಂಡೆಯಿಂದ ಮೇಲಿನ ರಸ್ತೆಗಳಿಗೆ ಮೆಟ್ಟಿಲುಗಳ ಬದಲು ಇಳಿಜಾರು, ಇಷ್ಟಾದರೆ ಉತ್ತರ ದಂಡೆಯ ತುಂಡು ದಾರಿ ನಗರದ ಸುತ್ತುದಾರಿಯಾಗುತ್ತದೆ. ಮೆಟ್ಟಿಲಿನ ಮಾತು ಕ್ಷುಲ್ಲಕವೆನಿಸಬಹುದು. ಆದರೆ ಹಾಲಿನ ಕ್ಯಾನು ತೂಗುಹಾಕಿಕೊಂಡ ಸೈಕಲ್ಲನ್ನು ಮೆಟ್ಟಿಲಿಳಿಸುವುದು ಹೇಗೆಂದು ವಿನ್ಯಾಸಕಾರರು ಒಮ್ಮೆಯಾದರೂ ಯೋಚಿಸಿದರೆ, ದಾರಿ ಯಾರಿಗಾಗಿ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹುಬ್ಬಳ್ಳಿಯ ಕಥೆ ಇನ್ನೊಂದು ಬಗೆಯದು. ಉಣಕಲ್ ಕೆರೆಯಿಂದ ಹೊರಟು ನಗರದ ನಡುವೆ ಹಾದುಹೋಗುವ ನಾಲೆಯ ಬದಿಗೆ ‘ಹಸಿರು ಸಂಚಾರ ಪಥ’ ನಿರ್ಮಿಸುವ ಯೋಜನೆಯು ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯ ನೆರವಿರುವ ಸಿಟೀಸ್ ಕಾರ್ಯಕ್ರಮಕ್ಕೆ ಆಯ್ಕೆಯಾಯಿತು. ಕಲ್ಪನೆಯಾಗಿ ಇದು ಶಿವಮೊಗ್ಗಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ಏಕೆಂದರೆ ನಾಲೆ ಹರಿಯುವುದು ಜನವಸತಿಯ ನಡುವೆ, ಜನ ದಿನವೂ ಓಡಾಡುವ ಬೀದಿಗಳ ಹಿಂಬದಿಯಲ್ಲಿ. ಆದರೆ ಮೊದಲ ಹಂತದಲ್ಲಿ ಕೈಗೂಡಿದ್ದು ಒಂದು ಕಿಲೋಮೀಟರಿಗೂ ಕಡಿಮೆ ಉದ್ದದ ಹಾದಿ. ಅಷ್ಟು ದೂರಕ್ಕೆ ಯಾರೂ ಮನೆಯಿಂದ ಸೈಕಲ್ ಹೊರತೆಗೆಯುವುದಿಲ್ಲ. ಸೈಕಲ್ ದಾರಿಯ ಉಪಯೋಗ ಅದರ ಉದ್ದಕ್ಕೆ ತಕ್ಕಂತೆ ಸಮನಾಗಿ ಬೆಳೆಯುವುದಿಲ್ಲ. ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಿಸುವವರೆಗೆ ಹೆಚ್ಚುಕಡಿಮೆ ಸೊನ್ನೆಯಾಗಿಯೇ ಇದ್ದು, ತಲುಪಿಸಿದ ದಿನ ಒಮ್ಮೆಲೇ ಹೆಚ್ಚುತ್ತದೆ.

ಸುತ್ತು ಪೂರ್ಣವಾದಾಗ

ಈ ಮಾತಿಗೆ ಸಾಕ್ಷಿ ಬೇಕಿದ್ದರೆ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಅನುಭವವನ್ನು ನೋಡಬಹುದು. ವಿಲಾಮೆಟ್ ನದಿ ಆ ನಗರವನ್ನು ಎರಡಾಗಿ ಸೀಳುತ್ತದೆ. ಪಶ್ಚಿಮ ದಂಡೆಯಲ್ಲಿದ್ದ ಹಾರ್ಬರ್ ಡ್ರೈವ್ ಎಂಬ ವೇಗದ ಹೆದ್ದಾರಿಯನ್ನು 1974ರಲ್ಲಿ ಮುಚ್ಚಿ, ಆ ಜಾಗವನ್ನು ಉದ್ಯಾನಕ್ಕೆ ಬಿಟ್ಟುಕೊಡಲಾಯಿತು. ಆದರೆ ಅದು ಕಾಲು ಶತಮಾನದ ಕಾಲ ಒಂದು ಬದಿಯ ಸೊಗಸಾಗಿಯೇ ಉಳಿಯಿತು. 2001ರಲ್ಲಿ ಪೂರ್ವ ದಂಡೆಯಲ್ಲಿ, ಒಂದಷ್ಟು ದೂರ ನೀರಿನ ಮೇಲೆಯೇ ತೇಲುವ, ಹೊಸ ಹಾದಿ ನಿರ್ಮಾಣವಾಯಿತು. ಅದೇ ಹೊತ್ತಿಗೆ ಹಳೆಯ ಸ್ಟೀಲ್ ಬ್ರಿಡ್ಜ್‌ನ ಕೆಳ ಅಂತಸ್ತಿಗೆ ನಡೆಯುವವರಿಗೂ ಸೈಕಲ್ ಸವಾರರಿಗೂ ಪ್ರತ್ಯೇಕ ಪಟ್ಟಿಯೊಂದನ್ನು ಜೋಡಿಸಲಾಯಿತು. ಸುತ್ತು ಪೂರ್ಣವಾಯಿತು. ನಗರದ ಹೃದಯಭಾಗದ ಕಚೇರಿಗಳಿಗೆ ಹೋಗುವವರು ಅದರಲ್ಲಿ ಬಂದರು, ವಿಹಾರಕ್ಕೆ ಬರುವವರೂ ಬಂದರು. 2015ರಲ್ಲಿ ಅದೇ ನಗರ ಟಿಲಿಕಮ್ ಕ್ರಾಸಿಂಗ್ ಎಂಬ ಇನ್ನೊಂದು ಸೇತುವೆಯನ್ನು ತೆರೆಯಿತು. ರೈಲು, ಬಸ್ಸು, ಸೈಕಲ್, ಕಾಲ್ನಡಿಗೆ ಇವೆಲ್ಲಕ್ಕೂ ಅಲ್ಲಿ ಅವಕಾಶವಿದೆ, ಖಾಸಗಿ ಕಾರುಗಳಿಗೆ ಮಾತ್ರ ಇಲ್ಲ.

ಅಮೆರಿಕದ ಹಣ ನಮ್ಮಲ್ಲಿಲ್ಲ ಎಂಬ ಆಕ್ಷೇಪ ಸರಿ. ಆದರೆ ಗಮನಿಸಬೇಕಾದ ಅಂಶ ಹಣದ್ದಲ್ಲ, ಕ್ರಮದ್ದು. ಅವರು ಇದ್ದ ಸೇತುವೆಯನ್ನೇ ಬಳಸಿಕೊಂಡು ಸುತ್ತನ್ನು ಮುಗಿಸಿದರು. ನಾವು ಸೇತುವೆಯನ್ನು ಮುಟ್ಟದೆ ದಂಡೆಗೆ ಕಲ್ಲು ಹಾಸುತ್ತೇವೆ. ಕಾರಣವೂ ಸ್ಪಷ್ಟ. ಸೇತುವೆ ಒಂದು ಇಲಾಖೆಗೆ ಸೇರಿದ್ದರೆ, ದಂಡೆ ಇನ್ನೊಂದಕ್ಕೆ, ಒಳಚರಂಡಿ ಮತ್ತೊಂದಕ್ಕೆ, ಸೇತುವೆಯ ಮೇಲಿನ ಸಂಚಾರ ಪೊಲೀಸರಿಗೆ. ಒಂದು ಯೋಜನೆಯ ಗಡಿ ಇನ್ನೊಂದು ಇಲಾಖೆಯ ಬಾಗಿಲಲ್ಲಿ ನಿಂತುಬಿಡುತ್ತದೆ. ಸೈಕಲ್ ಸವಾರನಿಗೆ ಮಾತ್ರ ಈ ಎಲ್ಲ ಗಡಿಗಳನ್ನೂ ಒಂದೇ ಪಯಣದಲ್ಲಿ ದಾಟುವ ಅನಿವಾರ್ಯ.

ಸೈಕಲ್ ತುಳಿಯುವವರು ಯಾರು?

ಮಧ್ಯಮ ವರ್ಗದ ನಮ್ಮಲ್ಲಿ ಹಲವರಿಗೆ ಸೈಕಲ್ ಎಂದರೆ ಭಾನುವಾರ ಬೆಳಗಿನ ವ್ಯಾಯಾಮ. ಸಾವಿರಾರು ರೂಪಾಯಿಯ ಗೇರ್ ಸೈಕಲ್ಲು, ಅದಕ್ಕೊಪ್ಪುವ ಉಡುಪು. ಇದರಲ್ಲಿ ತಪ್ಪೇನಿಲ್ಲ. ಆದರೆ 2011ರ ಜನಗಣತಿ ಬೇರೊಂದು ಚಿತ್ರವನ್ನು ಕೊಟ್ಟಿತು. ಕೃಷಿ ಮತ್ತು ಗೃಹೋದ್ಯಮದ ಹೊರಗಿನ ದುಡಿಮೆಗಾರರಲ್ಲಿ ದೇಶದಾದ್ಯಂತ ಸುಮಾರು 2.6 ಕೋಟಿ ಜನ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಸ್ಕೂಟರ್, ಬೈಕುಗಳಲ್ಲಿ ಹೋಗುತ್ತಿದ್ದವರ ಸಂಖ್ಯೆ ಆಗ ಸುಮಾರು 2.5 ಕೋಟಿ. ಅಂದರೆ, ಆ ಗಣತಿಯ ಹೊತ್ತಿಗೂ ಕೆಲಸಕ್ಕೆ ಹೋಗುವ ಭಾರತದಲ್ಲಿ ಸೈಕಲ್ ಮೋಟಾರು ದ್ವಿಚಕ್ರಕ್ಕಿಂತ ಮುಂದಿತ್ತು. ಬೈಕುಗಳ ಸಂಖ್ಯೆ ಆಮೇಲೆ ಬಹಳ ಏರಿದೆ ಎಂಬುದು ಕಣ್ಣಿಗೆ ಕಾಣುವ ಸಂಗತಿ. ಆದರೂ ಕಟ್ಟಡ ಕಾರ್ಮಿಕರು, ಕಾವಲುಗಾರರು, ಪತ್ರಿಕೆ ಹಂಚುವ ಹುಡುಗರು, ಮನೆಗೆಲಸಕ್ಕೆ ಹೋಗುವವರು ಸೈಕಲ್ಲನ್ನು ಇನ್ನೂ ಬಿಟ್ಟಿಲ್ಲ. ಇವರ ಪಯಣ ಬೆಳಕು ಹರಿಯುವ ಮೊದಲೇ ಆರಂಭವಾಗುತ್ತದೆ, ರಾತ್ರಿ ಹೊತ್ತು ಮುಗಿಯುತ್ತದೆ. ದಂಡೆಯ ಗೇಟು ಬೆಳಿಗ್ಗೆ ಇಷ್ಟು ಗಂಟೆಗೆ ತೆರೆದು ರಾತ್ರಿ ಇಷ್ಟು ಗಂಟೆಗೆ ಮುಚ್ಚುವುದಾದರೆ, ಪ್ರವೇಶಕ್ಕೆ ಚೀಟಿ ಕೊಳ್ಳಬೇಕಾದರೆ, ಆ ದಾರಿ ಇವರದಾಗುವುದು ಸಾಧ್ಯವಿಲ್ಲ.

ಸೈಕಲ್ಲಿನ ಬಗ್ಗೆ ಸರ್ಕಾರಗಳಿಗೆ ತಿಳಿವಳಿಕೆ ಇಲ್ಲವೆಂದಲ್ಲ. 2006 ಈ ದೃಷ್ಟಿಯಿಂದ ಒಂದು ವಿಶಿಷ್ಟ ವರ್ಷ. ಆ ವರ್ಷ ಕೇಂದ್ರ ಸರ್ಕಾರ ರಾಷ್ಟ್ರೀಯ ನಗರ ಸಾರಿಗೆ ನೀತಿಯನ್ನು ಪ್ರಕಟಿಸಿ, ರಸ್ತೆಯಲ್ಲಿ ವಾಹನಗಳಿಗಿಂತ ಜನರಿಗೆ ಆದ್ಯತೆ ಸಿಗಬೇಕೆಂದು ಹೇಳಿತು. ಅದೇ ವರ್ಷ ಬಿಹಾರವು ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ ಕೊಳ್ಳಲು ಹಣ ನೀಡುವ ಯೋಜನೆ ಆರಂಭಿಸಿತು. 2006-07ರಲ್ಲಿ ಕರ್ನಾಟಕವೂ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ಬಿಹಾರದ ಯೋಜನೆಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಹೆಣ್ಣುಮಕ್ಕಳು ವಯಸ್ಸಿಗೆ ತಕ್ಕಂತೆ ಪ್ರೌಢಶಾಲೆ ಸೇರುವ ಪ್ರಮಾಣ ಶೇ 32ರಷ್ಟು ಹೆಚ್ಚಿತೆಂದೂ, ಈ ವಿಷಯದಲ್ಲಿ ಗಂಡು-ಹೆಣ್ಣಿನ ನಡುವಿನ ಅಂತರ ಶೇ 40ರಷ್ಟು ತಗ್ಗಿತೆಂದೂ ಕಂಡುಕೊಂಡರು. ಕರ್ನಾಟಕದಲ್ಲಿ ಕೋವಿಡ್ ಕಾಲದಲ್ಲಿ ಸೈಕಲ್ ವಿತರಣೆ ನಿಂತಿತು. ಆದರೆ ಆ ಹೊತ್ತಿಗೆ ಹದಿಮೂರು-ಹದಿನಾಲ್ಕು ವರ್ಷಗಳ ಕಾಲ ಲಕ್ಷಾಂತರ ಮಕ್ಕಳ ಕೈಗೆ ಸೈಕಲ್ ಬಂದಿತ್ತು. ಆ ಸೈಕಲ್ಲುಗಳಿಗೆ ದಾರಿಯನ್ನು ಮಾತ್ರ ಯಾವ ಇಲಾಖೆಯೂ ಕೊಡಲಿಲ್ಲ. ಶಿಕ್ಷಣ ಇಲಾಖೆ ಸೈಕಲ್ ಕೊಟ್ಟಿತು, ಲೋಕೋಪಯೋಗಿ ಇಲಾಖೆ ರಸ್ತೆಯನ್ನು ಅಗಲಗೊಳಿಸಿ ಲಾರಿಗಳ ವೇಗ ಹೆಚ್ಚಿಸಿತು. ಒಂದೇ ಸರ್ಕಾರದ ಎರಡು ಕೈಗಳ ಕೆಲಸ ಇದು.

ನಗರಗಳಲ್ಲಿ ರಸ್ತೆ ಬದಿಯಲ್ಲಿ ಸೈಕಲ್ಲಿಗೆ ಜಾಗ ಗುರುತಿಸಿದ ಪ್ರಯತ್ನಗಳ ಗತಿಯೂ ಆಶಾದಾಯಕವಲ್ಲ. ಬೆಂಗಳೂರಿನ ಜಯನಗರದಲ್ಲಿ ಒಂದು ದಶಕಕ್ಕೂ ಹಿಂದೆ ಗುರುತಿಸಿದ ಸೈಕಲ್ ಪಟ್ಟಿಗಳು ಕಾರು ನಿಲ್ಲಿಸುವ ತಾಣಗಳಾದವು. 2020ರಲ್ಲಿ ಕೋವಿಡ್ ಕಾಲದ ಉತ್ಸಾಹದಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಗೂಟಗಳನ್ನು ನೆಟ್ಟು ರೂಪಿಸಿದ ಸೈಕಲ್ ಪಥಕ್ಕೆ ಬೈಕುಗಳು ನುಗ್ಗಿದವು. ಮುಂದೆ ಮೆಟ್ರೊ ಕಾಮಗಾರಿಯ ಗದ್ದಲದಲ್ಲಿ ಅದು ಮರೆಯಾಯಿತು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್ಲುಗಳೊಂದಿಗೆ ಆರಂಭವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ವ್ಯವಸ್ಥೆ ದೇಶದ ಗಮನ ಸೆಳೆಯಿತು. ಅಲ್ಲಿಯೂ ಸೈಕಲ್ ಸಿಕ್ಕಿತು, ಸೈಕಲ್ಲಿಗೆಂದು ಕಾದಿರಿಸಿದ ರಸ್ತೆ ಸಿಗಲಿಲ್ಲ. ನಗರ ಭೂಸಾರಿಗೆ ನಿರ್ದೇಶನಾಲಯವು ನಡೆಯುವವರ ಮತ್ತು ಸೈಕಲ್ ಸವಾರರ ಹಕ್ಕುಗಳನ್ನು ಕಾನೂನಿನ ಚೌಕಟ್ಟಿಗೆ ತರುವ ಮಸೂದೆಯ ಕರಡನ್ನೂ ಸಿದ್ಧಪಡಿಸಿತ್ತು.

ನದಿ, ನಾಲೆಗಳ ಬದಿಯ ಜಾಗಕ್ಕೆ ಮಹತ್ವ ಬರುವುದು ಈ ಹಿನ್ನೆಲೆಯಲ್ಲಿಯೇ. ಇಕ್ಕಟ್ಟಾದ ನಗರದಲ್ಲಿ ಕಾರು, ಬೈಕುಗಳಿಂದ ಕಿತ್ತುಕೊಳ್ಳದೆ ಸೈಕಲ್ಲಿಗೆ ಕೊಡಬಹುದಾದ ಉದ್ದನೆಯ, ಅಡ್ಡರಸ್ತೆಗಳ ಕಾಟವಿಲ್ಲದ ಜಾಗ ಉಳಿದಿರುವುದು ಅಲ್ಲಿ ಮಾತ್ರ. ನೀರು ಸಹಜವಾಗಿ ಇಳಿಜಾರನ್ನು ಅನುಸರಿಸಿ ಹರಿಯುವುದರಿಂದ ಅದರ ಬದಿಯ ದಾರಿಯಲ್ಲಿ ಏರುಪೇರು ಕಡಿಮೆ. ಸೇತುವೆಗಳ ಅಡಿಯಿಂದ ಹಾದುಹೋಗುವಂತೆ ಮಾಡಿದರೆ ರಸ್ತೆ ದಾಟುವ ಅಪಾಯವೂ ಇಲ್ಲ. ಇಂಥ ಜಾಗ ಒಂದು ನಗರಕ್ಕೆ ಎರಡನೆಯ ಬಾರಿ ದೊರೆಯುವುದಿಲ್ಲ. ಅದನ್ನು ಕಾರಂಜಿ, ಆಹಾರ ಮಳಿಗೆ, ಸೆಲ್ಫಿ ತಾಣಗಳಿಗೆ ಮಾತ್ರ ಮೀಸಲಿಟ್ಟರೆ ಕಳೆದುಕೊಳ್ಳುವುದು ಬಹಳ.

ಕೊಳಚೆ ನಿಲ್ಲದೆ ದಂಡೆ ಇಲ್ಲ

ದಾರಿಯ ಮಾತಿಗಿಂತಲೂ ಮೊದಲು ನೀರಿನ ಮಾತಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿ ಭಾಗಗಳನ್ನು ಗುರುತಿಸಿತು. ಅವುಗಳಲ್ಲಿ 17 ಕರ್ನಾಟಕದವು. ತುಂಗಾ, ಭದ್ರಾ, ತುಂಗಭದ್ರಾ, ಕಾವೇರಿ, ಕಬಿನಿ, ಅರ್ಕಾವತಿ, ನೇತ್ರಾವತಿ, ಭೀಮಾ, ಕಾಗಿಣಾ ಎಲ್ಲವೂ ಆ ಪಟ್ಟಿಯಲ್ಲಿದ್ದವು. ತುಂಗೆಯ ವಿಷಯದಲ್ಲಿ ಪಟ್ಟಿಗೆ ಸೇರಿದ್ದು ಶಿವಮೊಗ್ಗದಿಂದ ಕೂಡಲಿಯವರೆಗಿನ ಭಾಗ. ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನದಿ ನಗರವನ್ನು ಪ್ರವೇಶಿಸುವಾಗ ಇದ್ದಂತೆ ನಗರದಿಂದ ಹೊರಡುವಾಗ ಇರುವುದಿಲ್ಲ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊರಟ ‘ನಿರ್ಮಲ ತುಂಗಭದ್ರಾ’ ಪಾದಯಾತ್ರೆ ಜನರ ಮುಂದಿಟ್ಟದ್ದೂ ಇದೇ ಸಂಗತಿಯನ್ನು.

ದಂಡೆಯ ಯೋಜನೆ ಮತ್ತು ಒಳಚರಂಡಿಯ ಯೋಜನೆ ಬೇರೆಬೇರೆ ಕಡತಗಳಾಗಿ ಉಳಿದರೆ ಆಗುವ ಅನಾಹುತ ಇಷ್ಟೇ: ಕಲ್ಲು ಹಾಸಿದ ಹಾದಿಯ ಕೆಳಗಿಂದಲೇ ಕೊಳಚೆಯ ಕೊಳವೆ ನದಿಗೆ ಬಾಯಿ ತೆರೆದಿರುತ್ತದೆ. ಬೇಸಿಗೆಯಲ್ಲಿ ಹರಿವು ತಗ್ಗಿದಾಗ ಮೂಗು ಮುಚ್ಚಿಕೊಳ್ಳದೆ ಆ ಹಾದಿಯಲ್ಲಿ ಸಾಗುವುದು ಕಷ್ಟ. ಸೈಕಲ್ ತುಳಿಯುವವನು ಕಾರಿನಲ್ಲಿರುವವನಂತೆ ಗಾಜು ಏರಿಸಿಕೊಳ್ಳಲಾರ. ಅವನು ಉಸಿರನ್ನು ಆಳವಾಗಿ ಎಳೆದುಕೊಳ್ಳುವವನು. ಪೋರ್ಟ್‌ಲ್ಯಾಂಡ್ ನಗರ ತನ್ನ ದಂಡೆಯ ಸುತ್ತನ್ನು ಕಟ್ಟುತ್ತಿದ್ದ ಕಾಲದಲ್ಲೇ, ಮಳೆಗಾಲದಲ್ಲಿ ಕೊಳಚೆ ಉಕ್ಕಿ ನದಿ ಸೇರುವುದನ್ನು ತಡೆಯುವ ಬೃಹತ್ ಕೊಳವೆಗಳ ಕಾಮಗಾರಿಯನ್ನೂ ಕೈಗೊಂಡಿತ್ತು. ಸುಮಾರು 140 ಕೋಟಿ ಡಾಲರ್ ವೆಚ್ಚದ ಆ ಕೆಲಸ 2011ರಲ್ಲಿ ಮುಗಿಯಿತು. ಇಂದು ಜನ ಅದೇ ನದಿಯಲ್ಲಿ ಈಜುತ್ತಾರೆ. ಮೊದಲು ಕೊಳಚೆ ತಡೆದು ಬಳಿಕ ದಂಡೆ ಕಟ್ಟುವುದು, ಕಡೆಯಪಕ್ಷ ಎರಡನ್ನೂ ಒಟ್ಟಿಗೆ ಮಾಡುವುದು, ಇದು ನಾವು ಕಲಿಯಬೇಕಾದ ಎರಡನೆಯ ಪಾಠ.

ಈ ವಿಷಯದಲ್ಲಿ ಎಚ್ಚರಿಕೆಯ ಉದಾಹರಣೆ ಅಹಮದಾಬಾದಿನದು. ಸಾಬರಮತಿಯ ಎರಡೂ ದಂಡೆಗಳನ್ನು ತಲಾ 11 ಕಿಲೋಮೀಟರಿಗೂ ಹೆಚ್ಚು ದೂರ ಕಾಂಕ್ರೀಟಿನಲ್ಲಿ ಕಟ್ಟಿದ ಆ ಯೋಜನೆಯನ್ನು ದೇಶದ ಅನೇಕ ನಗರಗಳು ಮಾದರಿಯೆಂದು ಭಾವಿಸಿವೆ. ಅಲ್ಲಿ ನಿಂತಿರುವ ನೀರು ನರ್ಮದಾ ಕಾಲುವೆಯಿಂದ ಬಂದದ್ದು. ದಂಡೆಯ ಮೇಲೆ ಗುಡಿಸಲು ಹಾಕಿಕೊಂಡಿದ್ದ ಸಾವಿರಾರು ಕುಟುಂಬಗಳು ನಗರದ ಅಂಚಿಗೆ ಹೋಗಬೇಕಾಯಿತು. 2022ರಲ್ಲಿ ಎರಡು ದಂಡೆಗಳನ್ನು ಬೆಸೆಯುವ ಪಾದಚಾರಿ ಸೇತುವೆಯೊಂದು ಉದ್ಘಾಟನೆಯಾಯಿತು, ಆದರೆ ಅದರ ಮೇಲೆ ಕಾಲಿಡಲು ಶುಲ್ಕ ನಿಗದಿಯಾಯಿತು. ಮಾಲಿನ್ಯ ಮಂಡಳಿಯ ಅದೇ ವರ್ಷದ ಪಟ್ಟಿಯಲ್ಲಿ ಸಾಬರಮತಿ ಅತ್ಯಂತ ಕಲುಷಿತ ನದಿಗಳ ವರ್ಗದಲ್ಲೇ ಇತ್ತು. ನೋಟಕ್ಕೆ ನದಿ ಸುಂದರವಾದುದೂ ನಿಜ, ನದಿ ಶುದ್ಧವಾಗದೆ ಉಳಿದುದೂ ನಿಜ. ಅಲ್ಲಿಂದ ಎತ್ತಂಗಡಿಯಾದವರಲ್ಲಿ ಅನೇಕರು ನಡೆದು ಅಥವಾ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಬಡವರು ಎಂಬುದನ್ನು ನೆನೆದರೆ, ಸೈಕಲ್ ಪಥ ಕಟ್ಟಿ ಸೈಕಲ್ ಸವಾರನನ್ನು ಓಡಿಸುವ ವಿಪರ್ಯಾಸ ಎದ್ದು ಕಾಣುತ್ತದೆ. ಶಿವಮೊಗ್ಗವಿರಲಿ, ಹುಬ್ಬಳ್ಳಿಯಿರಲಿ, ನಮ್ಮ ದಂಡೆಗಳಲ್ಲೂ ಮೊದಲಿನಿಂದ ಬದುಕುತ್ತ ಬಂದ ಜನರಿದ್ದಾರೆ. ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ತರಕಾರಿ ಬೆಳೆಯುವವರು. ಹೊಸ ದಾರಿಯಲ್ಲಿ ಇವರಿಗೂ ಪಾಲಿರಬೇಕು.

ನೆರೆಯ ಮಾತು ಮೂರನೆಯದು. ತುಂಗೆ ತುಂಬಿ ಹರಿದಾಗ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ನೋಡಲು ಶಿವಮೊಗ್ಗದ ಜನ ಹೋಗುವುದು ಹಳೆಯ ರೂಢಿ. ಅದು ಅವರ ನೆರೆಯ ಅಳತೆಗೋಲು. 2019ರ ಆಗಸ್ಟ್‌ನಲ್ಲಿ ನದಿ ತಗ್ಗು ಬಡಾವಣೆಗಳಿಗೇ ನುಗ್ಗಿತು. ನದಿಗೆ ಅಗಲ ಬೇಕು. ಗೋಡೆ ಕಟ್ಟಿ ಅದರ ಅಗಲವನ್ನು ಕಿರಿದುಗೊಳಿಸಿದರೆ ನೀರು ಇನ್ನೆಲ್ಲೋ ದಾರಿ ಹುಡುಕುತ್ತದೆ. ಸಿಂಗಪುರದ ಬಿಷಾನ್ ಉದ್ಯಾನದಲ್ಲಿ 2.7 ಕಿಲೋಮೀಟರ್ ಉದ್ದದ ನೇರ ಕಾಂಕ್ರೀಟ್ ಕಾಲುವೆಯನ್ನು ಒಡೆದು, ಕಲಾಂಗ್ ನದಿಗೆ ಬಾಗಿ ಬಳುಕಿ ಹರಿಯುವ ಪಾತ್ರವನ್ನು ಮರಳಿ ಕೊಟ್ಟದ್ದು 2012ರಲ್ಲಿ. ಒಣಹವೆಯಲ್ಲಿ ಜನ ನೀರಿನ ಅಂಚಿನವರೆಗೆ ಹೋಗುತ್ತಾರೆ, ಮಳೆ ಬಂದಾಗ ಆ ಜಾಗ ನದಿಯದಾಗುತ್ತದೆ. ನಮ್ಮ ದಂಡೆಯ ಸೈಕಲ್ ದಾರಿಯೂ ವರ್ಷಕ್ಕೆ ಕೆಲವು ದಿನ ಮುಳುಗಿ, ನೀರಿಳಿದ ಮೇಲೆ ಕೆಸರು ತೊಳೆದು ಮತ್ತೆ ತೆರೆದುಕೊಳ್ಳುವಂತಿರಬೇಕು. ಆ ದಿನಗಳಿಗೆ ಮೇಲಿನ ರಸ್ತೆಯಲ್ಲಿ ಬದಲಿ ಪಟ್ಟಿಯೊಂದನ್ನು ಗುರುತಿಸಿರಬೇಕು. ಬಣ್ಣದ ಹೆಂಚು, ವಿದ್ಯುತ್ ಅಲಂಕಾರಗಳಿಗೆ ಮಾಡುವ ವೆಚ್ಚ ಇಲ್ಲಿ ವ್ಯರ್ಥ.

ಭೀಮೆಯ ಸೀಮೆಯಿಂದ ನೋಡಿದಾಗ

ಕರ್ನಾಟಕದಿಂದ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಏಳು ನಗರಗಳೆಂದರೆ ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು ಮತ್ತು ಬೆಂಗಳೂರು. ಕಲ್ಯಾಣ ಕರ್ನಾಟಕದ ಒಂದು ನಗರವೂ ಇದರಲ್ಲಿರಲಿಲ್ಲ. ಇದು ಅನ್ಯಾಯವೆಂಬ ಕೊರಗು ಆ ಭಾಗದಲ್ಲಿದೆ, ಅದಕ್ಕೆ ಕಾರಣವೂ ಇದೆ. ಆದರೆ ತಡವಾಗಿ ಹೊರಟವರಿಗೆ ಒಂದು ಅನುಕೂಲವುಂಟು. ಮುಂದೆ ಹೋದವರು ಎಡವಿದ ಜಾಗವನ್ನು ನೋಡಿಕೊಂಡು ಹೆಜ್ಜೆಯಿಡಬಹುದು.

ಆಳಂದ ತಾಲ್ಲೂಕಿನಿಂದ ಹರಿದು ಬರುವ ಅಮರ್ಜಾ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಭೀಮೆ ಜೇವರ್ಗಿಯ ಕಡೆಗೆ ಸಾಗುತ್ತದೆ. ಕಿಣ್ಣಿ ಸುಲ್ತಾನದಂಥ ಆಳಂದದ ಊರುಗಳವರಿಗೆ ಗಾಣಗಾಪುರ ದೂರದ ಕ್ಷೇತ್ರವಲ್ಲ. ಮಹಾರಾಷ್ಟ್ರದಿಂದಲೂ ಅಪಾರ ಸಂಖ್ಯೆಯಲ್ಲಿ ದತ್ತಭಕ್ತರು ಅಲ್ಲಿಗೆ ಬರುತ್ತಾರೆ. ಬೆಳಿಗ್ಗೆ ಸಂಗಮದಲ್ಲಿ ಸ್ನಾನ, ಔದುಂಬರ ವೃಕ್ಷದ ಸೇವೆ, ಮಧ್ಯಾಹ್ನ ಊರಿನಲ್ಲಿ ಭಿಕ್ಷೆ, ದೇವಸ್ಥಾನದಲ್ಲಿ ಪಾದುಕೆಗಳ ದರ್ಶನ. ದೇವಸ್ಥಾನದಿಂದ ಸಂಗಮಕ್ಕೆ ಎರಡು-ಮೂರು ಕಿಲೋಮೀಟರ್ ದೂರ. ಅಂದರೆ ಊರಿಗೂ ಹೊಳೆಗೂ ನಡುವೆ ದಿನವೂ ಹೋಗಿಬರುವ ಜನಸಂಚಾರ ಅಲ್ಲಿ ಮೊದಲೇ ಇದೆ. ನಗರ ಯೋಜಕರು ಬೇರೆಡೆ ಹುಟ್ಟಿಸಲು ಹೆಣಗುವುದು ಇದನ್ನೇ. ಹೋಗುವುದಕ್ಕೆ ಒಂದು, ಬರುವುದಕ್ಕೆ ಇನ್ನೊಂದು ಎಂಬಂತೆ ನೆರಳಿನ ಮರಗಳಿರುವ ನಡಿಗೆಯ ಮತ್ತು ಸೈಕಲ್ಲಿನ ದಾರಿ, ಊರಿನ ಯುವಕರೇ ನಡೆಸುವ ಬಾಡಿಗೆ ಸೈಕಲ್ಲುಗಳು, ಇಷ್ಟಕ್ಕೆ ನೂರು ಕೋಟಿ ಬೇಡ. ಭಕ್ತರಿಗೆ ದೂಳಿಲ್ಲದ ದಾರಿ ಸಿಗುತ್ತದೆ, ಅಲ್ಲಿಯ ಮಕ್ಕಳಿಗೆ ಶಾಲೆಯ ದಾರಿಯೂ ಅದೇ ಆಗಬಹುದು.

ಕಲಬುರಗಿ ನಗರದೊಳಗೆ ನದಿಯಿಲ್ಲ. ಭೀಮಾ ಮತ್ತು ಬೆಣ್ಣೆತೊರಾ ನದಿಗಳ ನೀರು ಕುಡಿಯುವ ಆ ನಗರದ ಜನ ಅವುಗಳನ್ನು ನಿತ್ಯ ನೋಡುವುದಿಲ್ಲ. ಆದರೆ ಬಹಮನಿ ಕೋಟೆಯ ಸುತ್ತಲಿನ ಕಂದಕ ಒಂದು ಸಿದ್ಧ ವರ್ತುಲ. ಶರಣಬಸವೇಶ್ವರ ಕೆರೆ, ಅಂದರೆ ಜನರ ಬಾಯಲ್ಲಿನ ಅಪ್ಪನ ಕೆರೆ, ಇನ್ನೊಂದು. ಇವೆರಡನ್ನೂ ಜೋಡಿಸಿ, ಮಾರುಕಟ್ಟೆ, ಬಸ್ ನಿಲ್ದಾಣ, ಕಾಲೇಜುಗಳಿಗೆ ಕವಲು ಕೊಟ್ಟರೆ ನದಿಯಿಲ್ಲದ ನಗರದಲ್ಲೂ ನೀರಂಚಿನ ಸುತ್ತುದಾರಿ ಸಾಧ್ಯ. ಕೋಟೆ ಸಂರಕ್ಷಿತ ಸ್ಮಾರಕವಾದುದರಿಂದ ಅದರ ಸುತ್ತ ನೂರು ಮೀಟರಿನೊಳಗೆ ನಿರ್ಮಾಣಕ್ಕೆ ನಿಷೇಧವಿದೆ. ಹಾಗಾಗಿ ಪುರಾತತ್ವ ಇಲಾಖೆಯೊಂದಿಗೆ ಕೂತು ಮಾತಾಡಿ, ಸ್ಮಾರಕಕ್ಕೆ ಧಕ್ಕೆಯಾಗದಂತೆ ಈಗಿರುವ ರಸ್ತೆಗಳನ್ನೇ ಬಳಸಿಕೊಳ್ಳುವುದು ವಿವೇಕದ ಮಾರ್ಗ. ಇಲ್ಲಿಯೂ ಮೊದಲ ಕೆಲಸ ಕಂದಕಕ್ಕೆ ಕಸ, ಕೊಳಚೆ ಬೀಳದಂತೆ ನೋಡಿಕೊಳ್ಳುವುದು. ಕಲಬುರಗಿಯ ಬಿಸಿಲು ಸೈಕಲ್ಲಿಗೆ ಒಗ್ಗುವುದಿಲ್ಲ ಎಂಬ ಮಾತು ಕೇಳಿಬರಬಹುದು. ಬಿಸಿಲಿಗೆ ಉತ್ತರ ಮರ. ಅದೇ ಬಿಸಿಲಿನಲ್ಲಿ, ಮರವೂ ಇಲ್ಲದ ಡಾಂಬರು ರಸ್ತೆಯಲ್ಲಿ ಸೈಕಲ್ ತುಳಿಯುವ ಜನ ಅಲ್ಲಿ ಈಗಲೂ ಇದ್ದಾರೆ.

ಭೀಮೆಯ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಅಗತ್ಯ. ಬೇಸಿಗೆಯಲ್ಲಿ ಬರಿದಾಗುವ ಈ ನದಿ, ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಟ್ಟಾಗ ಊರುಗಳನ್ನೇ ನುಂಗುತ್ತದೆ. 2020ರ ಅಕ್ಟೋಬರ್ ಮತ್ತು 2025ರ ಸೆಪ್ಟೆಂಬರಿನ ನೆರೆಗಳನ್ನು ಅಫಜಲಪುರ, ಜೇವರ್ಗಿಯ ಜನ ಮರೆತಿಲ್ಲ. ಅಲ್ಲಿ ದಂಡೆಯ ಮೇಲೆ ಏನನ್ನೇ ಕಟ್ಟುವ ಮೊದಲು ಆ ಎರಡು ನೆರೆಗಳ ಗುರುತು ಎಲ್ಲಿಯವರೆಗೆ ಬಂದಿತ್ತೆಂದು ಊರಿನ ಹಿರಿಯರನ್ನು ಕೇಳಬೇಕು. ಸಲಹಾ ಸಂಸ್ಥೆಯ ಗಣಕಯಂತ್ರಕ್ಕಿಂತ ಅವರ ಮನೆಯ ಗೋಡೆಗಳಿಗೆ ಅದು ಚೆನ್ನಾಗಿ ಗೊತ್ತು.

ಮಾಡಬೇಕಾದುದೇನು?

ಇಷ್ಟೆಲ್ಲ ಹೇಳಿದ ಮೇಲೆ ಬೇಡಿಕೆಗಳನ್ನು ಸ್ಪಷ್ಟವಾಗಿಡುವುದು ಒಳ್ಳೆಯದು. ಯಾವುದೇ ನದಿ ದಂಡೆ ಯೋಜನೆಗೆ ಅನುಮೋದನೆ ಕೊಡುವ ಮುನ್ನ, ಆ ಊರಿನಲ್ಲಿ ಸೈಕಲ್ಲಿನಲ್ಲಿ ಮತ್ತು ನಡೆದು ಓಡಾಡುವವರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆಂಬ ಸಮೀಕ್ಷೆ ಕಡ್ಡಾಯವಾಗಬೇಕು. ಎರಡು ಸೇತುವೆಗಳನ್ನೂ ಎರಡು ದಂಡೆಗಳನ್ನೂ ಒಳಗೊಳ್ಳದ ಸೈಕಲ್ ಪಥವನ್ನು ಸಾರಿಗೆ ಯೋಜನೆಯೆಂದು ಕರೆಯಬಾರದು. ಉದ್ಯಾನವೆಂದು ಕರೆದು ಉದ್ಯಾನದ ಲೆಕ್ಕದಲ್ಲಿ ಖರ್ಚು ಬರೆಯಲಿ. ದಂಡೆಗೆ ಬೀಳುವ ಪ್ರತಿಯೊಂದು ಕೊಳಚೆ ಕೊಳವೆಯ ಪಟ್ಟಿ, ಅದನ್ನು ತಡೆಯುವ ದಿನಾಂಕ, ಹೊಣೆಗಾರ ಅಧಿಕಾರಿಯ ಹುದ್ದೆ ಇವು ಯೋಜನಾ ವರದಿಯ ಮೊದಲ ಪುಟದಲ್ಲಿರಬೇಕು. ದಾರಿಗೆ ಗೇಟು, ಚೀಟಿ, ವೇಳಾಪಟ್ಟಿ ಇರಕೂಡದು. ಬೆಳಕು ಮತ್ತು ಓಡಾಟ ಎರಡೂ ಇದ್ದರೆ ಹೆಣ್ಣುಮಕ್ಕಳು ಸಂಜೆಯ ತರಗತಿ ಮುಗಿಸಿ ಅದರಲ್ಲೇ ಮನೆಗೆ ಹೋಗುತ್ತಾರೆ. ನಿರ್ವಹಣೆಗೆ ಪ್ರತ್ಯೇಕ ಅನುದಾನವನ್ನು ಮಹಾನಗರ ಪಾಲಿಕೆ ವರ್ಷ ವರ್ಷವೂ ಬಜೆಟ್ಟಿನಲ್ಲಿ ತೋರಿಸಬೇಕು.

ಇದಕ್ಕೆ ಹೊಸ ಕಾನೂನಾಗಲಿ ವಿದೇಶಿ ಸಾಲವಾಗಲಿ ಬೇಕಿಲ್ಲ. ಇಲಾಖೆಗಳು ಒಂದೇ ಮೇಜಿನ ಸುತ್ತ ಕುಳಿತುಕೊಳ್ಳಬೇಕು, ನಾಗರಿಕರು ಆ ಮೇಜಿನ ಬಳಿಗೆ ಹೋಗಿ ಪ್ರಶ್ನೆ ಕೇಳಬೇಕು. ಪತ್ರಿಕೆ ಓದುವ, ಅರ್ಜಿ ಬರೆಯಬಲ್ಲ, ಪಾಲಿಕೆಯ ಸಭೆಯಲ್ಲಿ ಮಾತನಾಡಬಲ್ಲ ವರ್ಗ ಕೇಳುತ್ತ ಬಂದಿರುವುದು ವಿಹಾರದ ಹಾದಿಯನ್ನು. ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವನಿಗೆ ಅಂಥ ಸಭೆಗೆ ಬರಲು ಬಿಡುವಿಲ್ಲ. ಹಾಗಾಗಿ ಅವನ ಪರವಾಗಿ ಕೇಳುವ ಹೊಣೆ ನಮ್ಮದಾಗುತ್ತದೆ. ಮುಂದಿನ ಬಾರಿ ನಮ್ಮೂರಿನ ನದಿ ದಂಡೆಯ ಬಣ್ಣದ ನಕ್ಷೆಯನ್ನು ಯಾರಾದರೂ ಗೋಡೆಗೆ ತೂಗುಹಾಕಿದಾಗ, ಆ ಕೆಂಪು ಹಾದಿಯ ಮೇಲೆ ಬೆರಳಿಟ್ಟು ಒಂದು ಪ್ರಶ್ನೆ ಕೇಳೋಣ: ಸೋಮವಾರ ಬೆಳಿಗ್ಗೆ ಎಂಟೂವರೆ ಗಂಟೆಗೆ ಇಲ್ಲಿ ಯಾರು ಹೋಗುತ್ತಿರುತ್ತಾರೆ? ಅದಕ್ಕೆ ಉತ್ತರ ಸಿಗುವವರೆಗೆ ನಕ್ಷೆಗೆ ಸಹಿ ಬೀಳದಿರಲಿ.